ಹಾರ್ಡ್‌ವಿಕ್ ಹಾಲ್: ಗಾಜಿನ ಮನೆಯೊಳಗಿನ ಮಬ್ಬು

ಇಂಗ್ಲೆಂಡಿನ ಡರ್ಬಿಶೈರಿನಲ್ಲಿರುವ ಹಾರ್ಡ್‌ವಿಕ್ ಹಾಲ್ ನೋಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಒಳಗೆ ಕಾಲಿಡುವ ಮುನ್ನ ಅರ್ಧ ಗಂಟೆಯಾದರೂ ಹೊರಗೆ ನಿಂತು ಆ ಮನೆಯನ್ನು ನೋಡಿ, ಒಳಗೆ ಹೋದ ಮೇಲೆ ಕಣ್ಣು ಪಳಗುವವರೆಗೆ ತಾಳ್ಮೆಯಿಂದಿರಿ. 'ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಹೆಚ್ಚು' ಎಂಬ ಅರ್ಥದ ಪ್ರಾಸದ ಮಾತೊಂದು ಅಲ್ಲಿ ಹಳೆಯ ಕಾಲದಿಂದ ಚಾಲ್ತಿಯಲ್ಲಿದೆ. ಅದನ್ನು ಕೇಳಿಕೊಂಡು ಹೋದ ನಾವು, ಒಳಗೆಲ್ಲ ಬೆಳಕು ತುಂಬಿ ತುಳುಕುತ್ತಿರುತ್ತದೆ ಎಂದೇ ಎಣಿಸಿದ್ದೆವು. ಆದರೆ ಎಷ್ಟೋ ಕೋಣೆಗಳಲ್ಲಿ ಕಿಟಕಿಯ ಪರದೆಗಳನ್ನು ಇಳಿಬಿಟ್ಟಿದ್ದರು. ನಾಲ್ಕು ನೂರು ವರ್ಷಗಳ ಹಿಂದಿನ ನೇಯ್ಗೆ ಮತ್ತು ಕಸೂತಿಗೆ ಬಿಸಿಲಿಗಿಂತ ದೊಡ್ಡ ಶತ್ರುವಿಲ್ಲವಾದ್ದರಿಂದ, ಬೆಳಕಿಗಾಗಿಯೇ ಕಟ್ಟಿದ ಮನೆಯನ್ನು ಇಂದು ಮಬ್ಬಿನಲ್ಲಿಟ್ಟು ಕಾಪಾಡಬೇಕಾಗಿದೆ. ಇದು ಮೊದಲೇ ಗೊತ್ತಿದ್ದರೆ ದಿನವನ್ನು ಬೇರೆ ರೀತಿಯಲ್ಲಿ ಹೊಂದಿಸಿಕೊಳ್ಳುತ್ತಿದ್ದೆವು.

ಮನೆ ಕಟ್ಟಿಸಿದವಳು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಜನ ಅವಳನ್ನು ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಎಂದು. ಇದೇ ಗುಡ್ಡದ ಮೇಲಿನ ಸಾಧಾರಣ ಜಮೀನುದಾರನ ಮನೆಯಲ್ಲಿ ಹುಟ್ಟಿ, ನಾಲ್ಕು ಮದುವೆಯಾಗಿ, ಪ್ರತಿ ಮದುವೆಯಿಂದಲೂ ಒಂದೊಂದು ಮೆಟ್ಟಿಲು ಮೇಲೇರಿದ ಅವಳು, ನಾಲ್ಕನೆಯ ಗಂಡ ತೀರಿಕೊಂಡ 1590ರಲ್ಲಿ ಈ ಮನೆಯ ಕೆಲಸ ಆರಂಭಿಸಿದಳು. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ. 1597ರ ಅಕ್ಟೋಬರಿನಲ್ಲಿ ಗೃಹಪ್ರವೇಶವಾದಾಗ ಅವಳಿಗೆ ಸುಮಾರು ಎಪ್ಪತ್ತು ವರ್ಷ. ಟ್ಯೂಡರ್ ವಂಶದ ಕೊನೆಯ ಅರಸಿ ಮೊದಲನೆಯ ಎಲಿಜಬೆತ್‌ಳ ಆಳ್ವಿಕೆಯ ಕಡೆಯ ವರ್ಷಗಳವು. ಮರದ ಚೌಕಟ್ಟಿನ ನಡುವೆ ಬಿಳಿ ಗಾರೆ ಮೆತ್ತಿದ ಟ್ಯೂಡರ್ ಮನೆಗಳ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಈ ಕಲ್ಲು ಮತ್ತು ಗಾಜಿನ ನೆಟ್ಟನೆಯ ಕಟ್ಟಡ ತುಸು ವಿಚಿತ್ರವಾಗಿ ಕಾಣಬಹುದು.

ದಾರಿಯ ವಿಚಾರ. ಸ್ವಂತ ಅಥವಾ ಬಾಡಿಗೆ ಕಾರಿದ್ದರೆ ಎಂ1 ಹೆದ್ದಾರಿಯ 29ನೇ ಜಂಕ್ಷನ್ನಿನಲ್ಲಿ ಇಳಿದರಾಯಿತು. ರೈಲಿನಲ್ಲಿ ಬರುವವರು ಚೆಸ್ಟರ್‌ಫೀಲ್ಡ್‌ನಲ್ಲಿ ಇಳಿಯಬೇಕು; ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಅಲ್ಲಿಗೆ ಸುಮಾರು ಎರಡು ಗಂಟೆಯ ಪ್ರಯಾಣ. ಅಲ್ಲಿಂದ ಇನ್ನೂ ಹದಿಮೂರು ಕಿಲೋಮೀಟರಿನಷ್ಟು ದೂರವಿದ್ದು, ಬಸ್ಸನ್ನು ನಂಬಿಕೊಂಡು ಹೊರಡುವುದು ಜಾಣತನವಲ್ಲ. ನಾವು ಟ್ಯಾಕ್ಸಿ ಹಿಡಿದೆವು. ನನ್ನ ತಪ್ಪೆಂದರೆ ಮರಳುವ ಟ್ಯಾಕ್ಸಿಯನ್ನು ಆಗಲೇ ಗೊತ್ತು ಮಾಡದೆ ಹೋದದ್ದು. ಸಂಜೆ ಒಂದಾದ ಮೇಲೊಂದರಂತೆ ಮೂರು ಕಡೆ ಫೋನ್ ಮಾಡಿದರೂ ಗಾಡಿ ಇಲ್ಲವೆಂಬ ಉತ್ತರವೇ ಬಂತು. ಇಳಿಯುವಾಗಲೇ ಚಾಲಕನೊಡನೆ ಮರಳುವ ಹೊತ್ತನ್ನು ಖಚಿತಪಡಿಸಿಕೊಳ್ಳಿ.

ಮನೆಯನ್ನು ನೋಡಿಕೊಳ್ಳುವುದು ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ. ಮನೆ, ತೋಟ ಮತ್ತು ಸುತ್ತಲಿನ ಬಯಲು ಒಂದೇ ವೇಳೆಗೆ ತೆರೆದು ಒಂದೇ ವೇಳೆಗೆ ಮುಚ್ಚುವುದಿಲ್ಲ; ಚಳಿಗಾಲದಲ್ಲಂತೂ ಮನೆಯ ವೇಳಾಪಟ್ಟಿ ಬದಲಾಗುತ್ತದೆ. ಆದ್ದರಿಂದ ಹೊರಡುವ ಹಿಂದಿನ ದಿನ ಅವರ ಜಾಲತಾಣದಲ್ಲಿ 'ಮನೆ' ಎಂಬ ಸಾಲನ್ನೇ ಹುಡುಕಿ ನೋಡಬೇಕು. ಇಂಗ್ಲೆಂಡಿನಲ್ಲಿ ಒಂದು ವರ್ಷವಾದರೂ ಇರುವವರು ಟ್ರಸ್ಟಿನ ಸದಸ್ಯತ್ವ ಪಡೆಯುವುದು ಲಾಭದಾಯಕ. ಇಂಥ ನಾಲ್ಕೈದು ಮನೆಗಳನ್ನು ನೋಡುವಷ್ಟರಲ್ಲಿ ಕೊಟ್ಟ ಹಣ ಹುಟ್ಟುತ್ತದೆ.

ಈಗ ಆ ಅರ್ಧ ಗಂಟೆಯ ಮಾತಿಗೆ ಬರುತ್ತೇನೆ. ಪಡುವಣ ದಿಕ್ಕಿನ ಹೆಬ್ಬಾಗಿಲನ್ನು ದಾಟಿ ಅಂಗಳದಲ್ಲಿ ನಿಂತು ತಲೆಯೆತ್ತಿದರೆ, ಆರು ಗೋಪುರಗಳ ನೆತ್ತಿಯ ಮೇಲೆ ಕಲ್ಲಿನಲ್ಲಿ ಕೊರೆದ ಇ ಮತ್ತು ಎಸ್ ಅಕ್ಷರಗಳು ಆಕಾಶದ ಹಿನ್ನೆಲೆಯಲ್ಲಿ ಎದ್ದು ಕಾಣುತ್ತವೆ. ಎಲಿಜಬೆತ್ ಶ್ರೂಸ್‌ಬರಿ ಎಂಬ ತನ್ನ ಹೆಸರನ್ನು ಅವಳು ಎಲ್ಲೋ ಮೂಲೆಯ ಶಾಸನದಲ್ಲಿ ಅಡಗಿಸಿಡಲಿಲ್ಲ. ದೂರದಿಂದ ಬರುವವರಿಗೂ ಕಾಣಲೆಂದು ಸೂರಿನ ಮೇಲೇ ನಿಲ್ಲಿಸಿದಳು. ಕಿಟಕಿಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ: ಮೇಲಿನ ಅಂತಸ್ತಿಗೆ ಹೋದಂತೆ ಅವು ಎತ್ತರವಾಗುತ್ತವೆ. ಕೆಳಗೆ ಆಳುಕಾಳುಗಳ ಕೆಲಸ, ನಡುವೆ ಮನೆಯವರ ವಾಸ, ತುದಿಯಲ್ಲಿ ದರ್ಬಾರಿನ ಕೋಣೆಗಳು. ಅಂತಸ್ತು ಎಂಬ ನಮ್ಮ ಮಾತಿನ ಎರಡು ಅರ್ಥಗಳೂ ಇಲ್ಲಿ ಒಂದೇ ಗೋಡೆಯಲ್ಲಿ ಸೇರಿಕೊಂಡಿವೆ. ಗಾಜು ಆಗ ಬಲು ದುಬಾರಿಯ ವಸ್ತುವಾಗಿತ್ತು, ಆದರೆ ಬೆಸ್‌ಗೆ ಸ್ವಂತ ಗಾಜಿನ ಕಾರ್ಖಾನೆಯೇ ಇತ್ತು. ಹೊರಗೋಡೆಯಲ್ಲಿ ಇಷ್ಟೊಂದು ಕಿಟಕಿಗಳಿಗೆ ಜಾಗ ಸಿಗಲೆಂದು ಹೊಗೆಗೂಡುಗಳನ್ನು ಮನೆಯೊಳಗಿನ ದಪ್ಪ ಗೋಡೆಗಳಲ್ಲಿ ಹಾಯಿಸಿದ್ದಾರೆ. ಹೊರಗಿನ ಸಾಲು ಕೆಡಬಾರದೆಂದು ಇಟ್ಟ ಒಂದೆರಡು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ, ಬರೀ ಗೋಡೆ.

ಒಳಗೆ ಕಲ್ಲಿನ ಮೆಟ್ಟಿಲು ಮನೆಯ ಉದ್ದಕ್ಕೂ ನಿಧಾನವಾಗಿ ತಿರುಗುತ್ತ ತುದಿಯವರೆಗೆ ಏರುತ್ತದೆ. ಮೆಟ್ಟಿಲುಗಳು ತಗ್ಗಾಗಿವೆ, ಅಗಲವಾಗಿವೆ, ಆದರೂ ಬಹಳ ಇವೆ. ಮಂಡಿನೋವಿರುವ ನನ್ನ ತಾಯಿ ಎರಡು ಕಡೆ ಕೂತು ಸುಧಾರಿಸಿಕೊಂಡು ಹತ್ತಿದರು. ಹಿರಿಯರನ್ನು ಕರೆದೊಯ್ಯುವವರು ಟಿಕೆಟ್ ಕೊಡುವಲ್ಲಿಯೇ ವಿಚಾರಿಸಿಕೊಂಡು, ಮೇಲೆ ಹತ್ತಲಾಗದವರಿಗೆ ಕೆಳಗಿನ ಕೋಣೆ ಮತ್ತು ತೋಟದ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು. ಹಿಮ್ಮಡಿ ಎತ್ತರದ ಪಾದರಕ್ಷೆಗಳು ಬೇಡ; ಬೆನ್ನಿಗೆ ಹಾಕುವ ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಲು ಹೇಳುತ್ತಾರೆ, ಅದಕ್ಕೆ ಬೇಸರಿಸಬಾರದು.

ತುದಿಯಲ್ಲಿರುವ ಹೈ ಗ್ರೇಟ್ ಚೇಂಬರ್ ಎಂಬ ಸಭಾಕೋಣೆಯೇ ಈ ಮನೆಯ ಜೀವ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಗಾರೆಯಲ್ಲಿ ಮಾಡಿ ಬಣ್ಣ ಹಚ್ಚಿದ ಕಾಡಿದೆ. ಮರಗಳ ನಡುವೆ ಬೇಟೆಯ ದೇವತೆ ಡಯಾನಾ ತನ್ನ ಪರಿವಾರದೊಡನೆ ಕುಳಿತಿದ್ದಾಳೆ. ಕನ್ನೆಯಾಗಿಯೇ ಉಳಿದ ರಾಣಿಯನ್ನು ಓಲೈಸಲು ಮಾಡಿಸಿದ ಚಿತ್ರಣವದು. ರಾಣಿ ಮಾತ್ರ ಒಮ್ಮೆಯೂ ಈ ಮನೆಗೆ ಬರಲಿಲ್ಲ. ಬಣ್ಣ ಮಾಸಿ ಎಲ್ಲವೂ ಒಣಗಿದ ಹುಲ್ಲಿನಂತೆ ಕಾಣುತ್ತದೆ. ಮೊದಲ ನೋಟಕ್ಕೆ ನನಗೆ ಏನೂ ಅನ್ನಿಸಲಿಲ್ಲ. ಕಿಟಕಿಯ ಬಳಿಯ ಬೆಂಚಿನಲ್ಲಿ ಕೂತು ಐದು ನಿಮಿಷ ಕಳೆದ ಮೇಲೆ ಒಂದೊಂದಾಗಿ ಜಿಂಕೆಗಳೂ ಮರದ ಕಾಂಡಗಳೂ ಮಬ್ಬಿನಿಂದ ಹೊರಗೆ ಬರತೊಡಗಿದವು. ಅದೇ ಕೋಣೆಯಲ್ಲಿ ಎಗ್ಲಂಟೈನ್ ಎಂಬ ಉದ್ದನೆಯ ಮೇಜಿದೆ. ಬಗ್ಗಿ ನೋಡಿದರೆ ಅದರ ಮೈಮೇಲೆ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂಡಿಸಿ ಮಾಡಿದ ತಂತಿವಾದ್ಯಗಳು, ಇಸ್ಪೀಟೆಲೆಗಳು, ಪಗಡೆಯಂಥ ಆಟದ ಹಾಸುಗಳು, ಓದಿ ಹಾಡಬಹುದಾದ ಸ್ವರಲಿಪಿ ಎಲ್ಲವೂ ಹರಡಿಕೊಂಡಿವೆ. ಆಟದ ನಡುವೆ ಯಾರೋ ಕರೆದರೆಂದು ಎಲ್ಲರೂ ಎದ್ದು ಹೋದಂತಿದೆ. ಬೆಸ್ ನಾಲ್ಕನೆಯ ಮದುವೆಯಾದಾಗ ತನ್ನ ಮಕ್ಕಳಲ್ಲಿ ಇಬ್ಬರನ್ನು ಆ ಗಂಡನ ಮಕ್ಕಳಲ್ಲಿ ಇಬ್ಬರಿಗೇ ಮದುವೆ ಮಾಡಿಸಿದ್ದಳು. ಆ ಸಂಬಂಧಗಳ ನೆನಪಿಗೆ ಮಾಡಿಸಿದ ಮೇಜಿದು. ಆಸ್ತಿ ಹೊರಗೆ ಹೋಗದಂತೆ ನೋಡಿಕೊಳ್ಳುವ ಈ ಜಾಣ್ಮೆಯನ್ನು ವಿವರಿಸಿದಾಗ ನನ್ನ ತಾಯಿಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ.

ಪಕ್ಕದ ಲಾಂಗ್ ಗ್ಯಾಲರಿ ಸುಮಾರು 50 ಮೀಟರ್ ಉದ್ದವಿದೆ. ನೆಲಕ್ಕೆ ಜೊಂಡಿನ ಚಾಪೆ ಹಾಸಿದ್ದಾರೆ. ಮಳೆಗಾಲದ ದಿನಗಳಲ್ಲಿ ಮನೆಯ ಅಟ್ಟದಿಂದ ಬರುವ ಒಣಹುಲ್ಲಿನ ವಾಸನೆಯಂಥದ್ದು ಅಲ್ಲಿ ಮೂಗಿಗೆ ಬಡಿಯಿತು. ಗೋಡೆಯ ತುಂಬ ಬೈಬಲಿನ ವೀರ ಗಿಡಿಯನ್‌ನ ಕಥೆ ಹೇಳುವ ನೇಯ್ದ ಚಿತ್ರಪಟಗಳು, ಅವುಗಳ ಮೇಲೆಯೇ ನೇತುಹಾಕಿದ ಭಾವಚಿತ್ರಗಳು. ಒಟ್ಟು 13 ಪಟಗಳು, ಒಂದೊಂದೂ ಆರು ಮೀಟರಿನ ಹತ್ತಿರ ಎತ್ತರ. ರಾಣಿಯ ಆಪ್ತ ಮಂತ್ರಿ ಸರ್ ಕ್ರಿಸ್ಟೋಫರ್ ಹ್ಯಾಟನ್ ಮಾಡಿಸಿದ್ದ ಇವನ್ನು ಅವನು ತೀರಿಕೊಂಡ ಮೇಲೆ 1592ರಲ್ಲಿ ಕೊಂಡ ಬೆಸ್, ಅವುಗಳಲ್ಲಿದ್ದ ಹ್ಯಾಟನ್ ಮನೆತನದ ಲಾಂಛನಗಳನ್ನು ಮುಚ್ಚುವ ಖರ್ಚಿಗೆಂದು ಬೆಲೆಯಲ್ಲಿ ಐದು ಪೌಂಡು ಇಳಿಸಿಕೊಂಡು, ತನ್ನ ಲಾಂಛನವನ್ನು ಬಟ್ಟೆಯ ಮೇಲೆ ಬರೆಸಿ ಅಂಟಿಸಿದಳು. ಇವುಗಳ ದುರಸ್ತಿ 24 ವರ್ಷ ನಡೆದು, ಕೊನೆಯ ಪಟ ಗೋಡೆಗೆ ಮರಳಿದ್ದು 2023ರಲ್ಲಿ. ಭಾವಚಿತ್ರಗಳ ನಡುವೆ ರಾಣಿ ಎಲಿಜಬೆತ್‌ಳದನ್ನು ತಪ್ಪಿಸಿಕೊಳ್ಳಬೇಡಿ. ಮುಖಕ್ಕಿಂತ ಲಂಗವನ್ನು ನೋಡಿ: ಬಿಳಿಯ ಬಟ್ಟೆಯ ತುಂಬ ಹೂಗಳು, ಹಕ್ಕಿಗಳು, ಕೀಟಗಳು, ನೀರು ಚಿಮ್ಮಿಸುವ ಕಡಲಪ್ರಾಣಿಗಳು.

ಪ್ರತಿ ಕೋಣೆಯಲ್ಲೂ ಒಬ್ಬ ಸ್ವಯಂಸೇವಕರು ಇರುತ್ತಾರೆ, ಹೆಚ್ಚಿನವರು ನಿವೃತ್ತರು. ಕೇಳದೆ ಅವರು ಮಾತಾಡುವುದಿಲ್ಲ, ಕೇಳಿದರೆ ನಿಲ್ಲಿಸುವುದಿಲ್ಲ. ನಮ್ಮವರು ಸಂಕೋಚದಿಂದ ನಕ್ಕು ಮುಂದೆ ಸಾಗಿಬಿಡುತ್ತೇವೆ, ಹಾಗೆ ಮಾಡಬೇಡಿ. ಕಸೂತಿ ಪಟಗಳಲ್ಲಿ ಪೆನೆಲೊಪೆ, ಲುಕ್ರೀಶಿಯ ಮೊದಲಾದ ಪುರಾತನ ಸ್ತ್ರೀಯರು ತೊಟ್ಟಿರುವ ಜರತಾರಿ ಉಡುಪು, ಹಿಂದೆ ಪಾದ್ರಿಗಳು ಚರ್ಚಿನಲ್ಲಿ ಧರಿಸುತ್ತಿದ್ದ ನಿಲುವಂಗಿಗಳನ್ನು ಕತ್ತರಿಸಿ ಹೊಲಿದದ್ದೆಂದು ನನಗೆ ತೋರಿಸಿಕೊಟ್ಟವರು ಅಂಥ ಒಬ್ಬ ಹಿರಿಯ ಮಹಿಳೆ. ಚಿಕ್ಕ ಟಾರ್ಚಿನ ಬೆಳಕನ್ನು ನೆಲದತ್ತ ಹಿಡಿದು, ಅದರ ಮರುಬೆಳಕಿನಲ್ಲಿ ಹೊಲಿಗೆಯ ಅಂಚನ್ನು ಕಾಣಿಸಿದರು. ಇಷ್ಟೆಲ್ಲ ಉಳಿದು ಬರಲು ಕಾರಣವನ್ನೂ ಅವರೇ ಹೇಳಿದರು: ಬೆಸ್‌ಳ ವಂಶದವರಾದ ಡೆವನ್‌ಶೈರ್ ಡ್ಯೂಕರು ಚ್ಯಾಟ್ಸ್‌ವರ್ತ್ ಅರಮನೆಯನ್ನೇ ಮುಖ್ಯ ವಾಸವಾಗಿಸಿಕೊಂಡದ್ದರಿಂದ, ಇಲ್ಲಿ ಕಾಲಕಾಲಕ್ಕೆ ಕೆಡವಿ ಹೊಸದು ಮಾಡುವ ಆಸಕ್ತಿ ಯಾರಿಗೂ ಇರಲಿಲ್ಲ. 1959ರಲ್ಲಿ ಮನೆ ಟ್ರಸ್ಟಿಗೆ ಸೇರಿದ್ದು ಕೂಡ ಉತ್ತರಾಧಿಕಾರದ ತೆರಿಗೆಯ ಲೆಕ್ಕದಲ್ಲಿ.

ತೋಟದ ಬಗ್ಗೆ ನಿರೀಕ್ಷೆ ಸರಿಯಾಗಿರಲಿ. ಸುತ್ತಲಿನ ಕಲ್ಲಿನ ಗೋಡೆಗಳು ಬೆಸ್‌ಳ ಕಾಲದವು. ಒಳಗಿನ ತೋಟ ಹಾಗಲ್ಲ. ದಕ್ಷಿಣದ ತೋಟವನ್ನು ಯೂ ಮತ್ತು ಹಾರ್ನ್‌ಬೀಮ್ ಮರಗಳ ಬೇಲಿಗಳ ಓಣಿಗಳಿಂದ ನಾಲ್ಕು ಪಾಲು ಮಾಡಿದ್ದು 19ನೇ ಶತಮಾನದಲ್ಲಿ ಡ್ಯೂಕರ ಮನೆಮಗಳು ಲೇಡಿ ಲೂಯಿಸಾ ಎಗರ್ಟನ್. ಔಷಧಿ ಮತ್ತು ಅಡುಗೆಯ ಸೊಪ್ಪುಗಳ ತೋಟ ಇನ್ನೂ ಈಚಿನದು, ಆದರೆ ನಮಗೆ ಹೆಚ್ಚು ಹಿಡಿಸಿದ್ದು ಅದೇ. ನನ್ನ ತಾಯಿ ಎಲೆಗಳ ಮೇಲೆ ಬಗ್ಗಿ, ಯಾವುದು ದೊಡ್ಡಪತ್ರೆಗೆ ಹತ್ತಿರ, ಯಾವುದು ಅಲ್ಲ ಎಂದು ಮೂಗಿನಿಂದಲೇ ತೀರ್ಮಾನಿಸುತ್ತ ಅರ್ಧ ಗಂಟೆ ಕಳೆದರು. ಜೂನ್, ಜುಲೈ ತಿಂಗಳು ಇದಕ್ಕೆ ತಕ್ಕವು. ಊಟಕ್ಕೆ ಲಾಯದ ಅಂಗಳದಲ್ಲಿ ಉಪಾಹಾರಗೃಹವಿದೆ. ಸಸ್ಯಾಹಾರಿಗಳಿಗೆ ಸೂಪು, ಸ್ಕೋನ್ ಸಿಕ್ಕೀತು. ನಾವು ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ ಹೊರಗಿನ ಬಯಲಿನಲ್ಲಿ ತಿಂದೆವು, ಅದೇ ಲೇಸು.

ಮಗ್ಗುಲಲ್ಲೇ ಸೂರಿಲ್ಲದೆ ನಿಂತಿರುವ ಓಲ್ಡ್ ಹಾಲ್ ಕೂಡ ಬೆಸ್ ಕಟ್ಟಿಸಿದ್ದೇ. ಅದು ಪೂರ್ತಿಯಾಗುವ ಮುನ್ನವೇ ಈ ಹೊಸದನ್ನು ಆರಂಭಿಸಿದ್ದಳು. ಅದರ ಉಸ್ತುವಾರಿ ಇಂಗ್ಲಿಷ್ ಹೆರಿಟೇಜ್ ಎಂಬ ಬೇರೆ ಸಂಸ್ಥೆಯದು, ಆದ್ದರಿಂದ ತೆರೆದಿರುವ ದಿನಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಹೊತ್ತು ಕಡಿಮೆಯಿದ್ದರೆ ಹೊರಗಿನಿಂದ ನೋಡಿದರೆ ಸಾಕು.

ಟ್ಯಾಕ್ಸಿಗಾಗಿ ಕಾಯುತ್ತ ಪಡುವಣದ ಬಾಗಿಲ ಬಳಿ ನಿಂತಿದ್ದಾಗ ಮೋಡ ಸರಿದು ಇಳಿಬಿಸಿಲು ಬಿತ್ತು. ಇಡೀ ಮುಂಭಾಗದ ಗಾಜು ಒಮ್ಮೆಗೇ ಹೊತ್ತಿಕೊಂಡಂತೆ ಕೆಂಪಾಯಿತು. ಕೊನೆಗೆ ಬಂದ ಚಾಲಕ ಹಾರ್ನ್ ಹೊಡೆಯುವವರೆಗೆ ಹೆಚ್ಚೆಂದರೆ ಎಂಟು ನಿಮಿಷ ಅದನ್ನು ನೋಡಲು ಸಿಕ್ಕಿತು. ಮರಳುವ ಗಾಡಿಯನ್ನು ಗೊತ್ತು ಮಾಡುವಾಗ ಮನೆ ಮುಚ್ಚುವ ಹೊತ್ತಿಗಿಂತ ಒಂದು ಗಂಟೆ ತಡವಾಗಿ, ಹೊರಗಿನ ಬಯಲಿನ ಬಾಗಿಲು ಹಾಕುವುದರೊಳಗೆ ಬರಹೇಳಿ.