ಡಬ್ಬಿಯಲ್ಲಿ ಕುಚ್ಚಲಕ್ಕಿ

ಭಾನುವಾರ ಚರ್ಚಿನ ಆರಾಧನೆಯಲ್ಲಿ ಪ್ರಸಂಗಕ್ಕೆ ಮುಂಚೆ ಹಿರಿಯರೊಬ್ಬರು ನೋಟ್‌ಬುಕ್ ಹಿಡಿದು ಎದ್ದು ನಿಲ್ಲುತ್ತಾರೆ. ವಾರದ ಪ್ರಕಟಣೆ ಓದುತ್ತಾರೆ. ಮಂಗಳೂರಿನಲ್ಲಿ ನಾನು ಚಿಕ್ಕವಳಿದ್ದಾಗ ಪ್ರಕಟಣೆ ಅಂದರೆ ಬೆಂಚಿನ ಕೆಳಗೆ ಕಾಲು ಆಡಿಸುವ ಹೊತ್ತು. ಈಗ ಮಿಜೋರಾಂನ ಐಜ್ವಾಲ್‌ನಲ್ಲಿ ಕೂತು ಅದಕ್ಕೇ ಕಾಯುತ್ತೇನೆ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾವ ದಿನ ಎಲ್ಲರೂ ಸೇರಿ ದೇವಾಲಯದ ಅಂಗಳ ಸ್ವಚ್ಛ ಮಾಡಬೇಕು, ಎಲ್ಲ ಅದರಲ್ಲೇ ಬರುತ್ತದೆ. ಮಿಜೋ ಭಾಷೆ ನನಗೆ ಇನ್ನೂ ಅರ್ಧಂಬರ್ಧ. ಪಕ್ಕದಲ್ಲಿ ಕೂತ ನಮ್ಮ ಮನೆ ಮಾಲಕಿ ಕಿವಿಯಲ್ಲಿ ಮೆಲ್ಲಗೆ ಹಿಂದಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಅವರನ್ನು ನಾನು 'ಕಾ ಪೀ' ಅಂತ ಕರೆಯುತ್ತೇನೆ. ಇಲ್ಲಿ ದೊಡ್ಡ ಹೆಂಗಸರನ್ನು ಗೌರವದಿಂದ ಹಾಗೇ ಕರೆಯುವುದು.

ನನ್ನ ಗಂಡನಿಗೆ ಇಲ್ಲಿಗೆ ವರ್ಗವಾಗಿದ್ದು ಜೂನ್‌ನಲ್ಲಿ. ಸುರಿಯುವ ಮಳೆ. ಗುಡ್ಡದ ಅಂಚಿಗೆ ಅಂಟಿಕೊಂಡ ಮನೆ. ರಸ್ತೆಯಿಂದ ನೇರ ಮೂರನೇ ಮಹಡಿಗೆ ಕಾಲಿಟ್ಟು, ಆಮೇಲೆ ಮೆಟ್ಟಿಲು ಇಳಿದು ನಮ್ಮ ಅಡುಗೆಮನೆಗೆ ಬರಬೇಕು. ಊರಿಂದ ಬರುವಾಗ ಅಮ್ಮ ಕುಚ್ಚಲಕ್ಕಿಯ ದೊಡ್ಡ ಚೀಲವನ್ನೇ ಕಟ್ಟಿ ಕೊಟ್ಟಿದ್ದರು. ನನಗೆ ಬಿಳಿ ಅಕ್ಕಿ ಊಟ ಮಾಡಿದರೆ ಹೊಟ್ಟೆ ತುಂಬಿದ ಹಾಗೆ ಆಗುವುದಿಲ್ಲ.

ನಮ್ಮದು ಸಿ.ಎಸ್.ಐ. ಸಭೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಹಳೆಯವರು ಈಗಲೂ ಬಾಸೆಲ್ ಮಿಷನ್ ಅಂತಲೇ ಹೇಳುತ್ತಾರೆ. ಇಲ್ಲಿ ಮನೆಯ ಹತ್ತಿರ ಇರುವುದು ಪ್ರೆಸ್ಬಿಟೀರಿಯನ್ ಸಭೆ. ಮೊದಲ ವಾರ ಬೇರೆ ಕಡೆ ಹೋಗುತ್ತಿದ್ದೇನೆ ಅಂತ ಒಂಥರಾ ಅಳುಕಿತ್ತು. ಆಮೇಲೆ ನೋಡಿದರೆ ಅಷ್ಟೇನೂ ಬೇರೆ ಅಲ್ಲ. ದಕ್ಷಿಣ ಭಾರತದ ಪ್ರೆಸ್ಬಿಟೀರಿಯನ್ ಸಭೆಗಳು 1908ರಲ್ಲೇ ಕಾಂಗ್ರಿಗೇಷನಲ್ ಸಭೆಗಳ ಜೊತೆ ಒಂದಾಗಿದ್ದವು. 1947ರಲ್ಲಿ ಸಿ.ಎಸ್.ಐ. ಆದಾಗ ಅವೂ ಅದರೊಳಗೆ ಬಂದವು. ನಾವು ಸಭಾಪಾಲಕರನ್ನು ಪ್ರೆಸ್ಬಿಟರ್ ಅನ್ನುತ್ತೇವಲ್ಲ, ಅದೂ ಅದೇ ಮಾತು. ಗ್ರೀಕ್ ಭಾಷೆಯಲ್ಲಿ ಹಿರಿಯ ಅಂತ ಅರ್ಥ. ಇಲ್ಲಿ ಆ ಅರ್ಥ ಕಣ್ಣಿಗೆ ಕಾಣುತ್ತದೆ. ಪಾಸ್ಟರ್ ಒಬ್ಬರಿಗೆ ಹಲವು ಸಭೆಗಳ ಹೊಣೆ. ಹಾಗಾಗಿ ದಿನದಿನದ ಕೆಲಸ ನಡೆಸುವವರು ಸಭೆಯವರೇ ಆರಿಸಿದ ಹಿರಿಯರು. 'ಉಪಾ' ಅನ್ನುತ್ತಾರೆ. ನಮ್ಮ ಉಪಾಗಳಲ್ಲಿ ಒಬ್ಬರು ಬೆಳಗ್ಗೆ ತರಕಾರಿ ಅಂಗಡಿಯಲ್ಲಿರುತ್ತಾರೆ, ಭಾನುವಾರ ಕೋಟು ಟೈ ಹಾಕಿ ಪ್ರಕಟಣೆ ಓದುತ್ತಾರೆ.

ಮನೆಗೆ ಬಂದ ನಾಲ್ಕನೇ ದಿನ ಕಾ ಪೀ ಒಂದು ಖಾಲಿ ಡಬ್ಬಿ ತಂದು ನನ್ನ ಅಕ್ಕಿ ಚೀಲದ ಪಕ್ಕ ಇಟ್ಟರು. "ಬುಫಾಯ್ ಥಾಮ್" ಅಂದರು. ಬುಫಾಯ್ ಅಂದರೆ ಅಕ್ಕಿ. ಥಾಮ್ ಅಂದರೆ ಹಿಡಿ. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಈ ಡಬ್ಬಿಗೆ ಹಾಕಬೇಕು. ವಾರಕ್ಕೊಮ್ಮೆ ಸ್ತ್ರೀ ಸಂಘದವರು ಬಂದು ಒಯ್ಯುತ್ತಾರೆ. ಆ ಅಕ್ಕಿಯನ್ನು ಮಾರಿ ಬಂದ ಹಣ ಸಭೆಯ ಕೆಲಸಕ್ಕೆ, ಬೇರೆ ರಾಜ್ಯಗಳಲ್ಲಿರುವ ಮಿಷನರಿಗಳ ಖರ್ಚಿಗೆ ಹೋಗುತ್ತದೆ. 1910ರ ಆಸುಪಾಸಿನಲ್ಲಿ ಶುರುವಾದ ಪದ್ಧತಿ. ಆಗ ಇಲ್ಲಿನ ಹೆಂಗಸರ ಕೈಯಲ್ಲಿ ದುಡ್ಡು ಎಲ್ಲಿತ್ತು? ಇದ್ದದ್ದು ಅಡುಗೆಯ ಅಕ್ಕಿ ಮಾತ್ರ. ಈಗ ಮಿಜೋರಾಂನ ಎಲ್ಲ ಪ್ರೆಸ್ಬಿಟೀರಿಯನ್ ಮನೆಗಳ ಹಿಡಿ ಅಕ್ಕಿ ಸೇರಿದರೆ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಆಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡೂ ನಾನು ಮೊದಲ ವಾರ ಮರೆತೆ. ಸಾಮಾನು ಬಿಚ್ಚುವ ಗಡಿಬಿಡಿ, ಮಗಳಿಗೆ ಜ್ವರ. ಹೆಂಗಸರಿಬ್ಬರು ಚೀಲ ಹಿಡಿದು ಬಾಗಿಲಿಗೆ ಬಂದಾಗ ಡಬ್ಬಿ ಖಾಲಿ. ನಾಚಿಕೆಯಾಗಿ ಒಳಗೆ ಓಡಿ 500 ರೂಪಾಯಿಯ ನೋಟು ತಂದು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಕಾ ಪೀ ಕೆಳಗಿಳಿದು ಬಂದು ನೋಟನ್ನು ನನ್ನ ಕೈಗೇ ವಾಪಸು ಇಟ್ಟು ಹೇಳಿದರು: "ದುಡ್ಡು ಭಾನುವಾರ ಕಾಣಿಕೆಗೆ ಹಾಕು. ಇದು ನಿನ್ನ ಗಂಡ ದುಡಿದ ದುಡ್ಡಿನ ಲೆಕ್ಕ ಅಲ್ಲ. ನೀನು ಬೇಯಿಸುವ ಪಾತ್ರೆಯ ಲೆಕ್ಕ."

ಬೈದದ್ದಲ್ಲ, ತುಂಬಾ ಮೆತ್ತಗೆ ಹೇಳಿದರು. ಆದರೂ ಆ ದಿನವೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಊರಿನಲ್ಲಿ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಇಲ್ಲಿಗೆ ಬರಲು ಕೆಲಸ ಬಿಟ್ಟೆ. ನನ್ನದು ಅಂತ ಕೊಡಲು ಈಗ ಏನಿದೆ ಅಂತ ಬಂದ ದಿನದಿಂದ ಒಳಗೊಳಗೇ ಕೊರಗುತ್ತಿದ್ದೆ. ಆ ಕೊರಗಿಗೆ ಅವರು ಉತ್ತರ ಕೊಟ್ಟ ಹಾಗಿತ್ತು.

ಮಾರನೇ ದಿನದಿಂದ ಬೆಳಗ್ಗೆ ಒಂದು ಹಿಡಿ, ರಾತ್ರಿ ಒಂದು ಹಿಡಿ. ಆಗ ಒಂದು ಸಮಸ್ಯೆ. ನಾನು ಬೇಯಿಸುವುದು ಕುಚ್ಚಲಕ್ಕಿ. ಕೆಂಪು, ದಪ್ಪ. ಇಲ್ಲಿಯವರ ಅಕ್ಕಿ ಬಿಳಿ. ಬಿಳಿ ಅಕ್ಕಿ ತಂದು ಡಬ್ಬಿಗೆ ಹಾಕಿಬಿಡಲೇ ಅಂತ ಯೋಚಿಸಿದೆ. ಆದರೆ 'ನೀನು ಬೇಯಿಸುವ ಪಾತ್ರೆಯ ಲೆಕ್ಕ' ಅಂದಿದ್ದರಲ್ಲ. ಕುಚ್ಚಲಕ್ಕಿಯನ್ನೇ ಹಾಕಿದೆ. ಮುಂದಿನ ವಾರ ಬಂದ ಹೆಂಗಸರು ಡಬ್ಬಿಯೊಳಗೆ ಬೆರಳಾಡಿಸಿ, ಒಂದು ಕಾಳು ಬಾಯಿಗೆ ಹಾಕಿ ಕಡಿದು ನಕ್ಕರು. ಬಿಳಿ ಅಕ್ಕಿಯ ಜೊತೆ ಬೆರೆಸದೆ ಬೇರೆ ಚೀಲಕ್ಕೆ ಸುರಿದುಕೊಂಡರು. ಪುಸ್ತಕದಲ್ಲಿ ನಮ್ಮ ಮನೆಯ ಮುಂದೆ ತೂಕ ಬರೆದರು. ಆ ಪುಸ್ತಕದಲ್ಲಿ ನಮ್ಮ ಮನೆಗೊಂದು ಸಾಲು ಸಿಕ್ಕಿದ್ದು ಅವತ್ತು.

ಭಾಷೆ ಬಾರದಿದ್ದರೂ ಆರಾಧನೆಯಲ್ಲಿ ನಾನು ಸುಮ್ನೆ ಕೂರಬೇಕಾಗಲಿಲ್ಲ. ಅದಕ್ಕೆ ಕಾರಣ ಹಾಡಿನ ಪುಸ್ತಕ. ಇಲ್ಲಿ ಹಾಡುಗಳಿಗೆ ಸೋಲ್‌ಫಾ ಸ್ವರಗಳನ್ನು ಅಚ್ಚು ಹಾಕಿರುತ್ತಾರೆ. ಡೋ, ರೇ, ಮೀ. ವೇಲ್ಸ್ ದೇಶದಿಂದ ಬಂದ ಮಿಷನರಿಗಳು ಕಲಿಸಿದ್ದು. ನಮ್ಮ ಕೊಯರ್‌ನಲ್ಲಿ ನಾನು ಆಲ್ಟೋ, ಅಂದರೆ ಹೆಂಗಸರ ತಗ್ಗಿನ ದನಿಯ ಭಾಗ, ಹಾಡುತ್ತಿದ್ದವಳು, ಸೋಲ್‌ಫಾ ಗೊತ್ತು. ಪದದ ಅರ್ಥ ಗೊತ್ತಿಲ್ಲದೆ ಸ್ವರ ಹಿಡಿದು ಹಾಡಿದೆ. ಮುಂದಿನ ಸಾಲಿನ ಅಜ್ಜಿ ಹಿಂದೆ ತಿರುಗಿ ನೋಡಿ ತಲೆಯಾಡಿಸಿದರು. ಪದಗಳನ್ನು ಓದುವುದೂ ಕಷ್ಟವಲ್ಲ, ಮಿಜೋ ಭಾಷೆಯನ್ನು ಬರೆಯುವುದು ರೋಮನ್ ಅಕ್ಷರದಲ್ಲಿ. ಮೊದಲ ಇಬ್ಬರು ಮಿಷನರಿಗಳಾದ ಲೊರೇನ್ ಮತ್ತು ಸ್ಯಾವಿಜ್ ಈ ಗುಡ್ಡಗಳಿಗೆ ಬಂದದ್ದು 1894ರ ಜನವರಿ 11ರಂದು. ಅದೇ ವರ್ಷ ಅವರು ಈ ಭಾಷೆಗೆ ಅಕ್ಷರ ಹೊಂದಿಸಿದರು. ಇವತ್ತಿಗೂ ಆ ದಿನ ಇಡೀ ರಾಜ್ಯಕ್ಕೆ ರಜೆ. 1894 ಅಂದ ಕೂಡಲೇ ನನಗೆ ನಮ್ಮ ಕಿಟೆಲ್ ನೆನಪಾದರು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದೂ 1894ರಲ್ಲೇ. ಸಾವಿರಕ್ಕೂ ಹೆಚ್ಚು ವರ್ಷ ಬರೆದ ಒಂದು ಭಾಷೆಗೆ ಅಷ್ಟು ದಪ್ಪದ ನಿಘಂಟು ಬಂದ ವರ್ಷವೇ ಇನ್ನೊಂದು ಭಾಷೆಗೆ ಮೊದಲ ಅಕ್ಷರ. ಇದನ್ನು ಕಾ ಪೀಗೆ ಹೇಳಿದಾಗ ಅವರು ಕಿಟೆಲ್ ಅನ್ನುವ ಹೆಸರನ್ನು ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡರು.

ಅಕ್ಟೋಬರ್‌ನಲ್ಲಿ ಒಂದು ಭಾನುವಾರ ದೇವಾಲಯದ ಮೆಟ್ಟಿಲ ಮೇಲೆ ನನ್ನ ವಯಸ್ಸಿನ ಒಬ್ಬಳು ನನ್ನ ತೋಳು ಹಿಡಿದು ನಿಲ್ಲಿಸಿದಳು. ಸ್ತ್ರೀ ಸಂಘ ಮಾರಿದ ಕೆಂಪಕ್ಕಿಯನ್ನು ಕೊಂಡವಳು ಅವಳೇ. "ಎಷ್ಟು ಬೇಯಿಸಿದರೂ ಬೇಯುವುದೇ ಇಲ್ಲ, ಏನು ಮಾಡಬೇಕು?" ನನಗೆ ನಗು ತಡೆಯಲಾಗಲಿಲ್ಲ. ಹಿಂದಿ, ಇಂಗ್ಲಿಷ್, ಕೈಸನ್ನೆ ಎಲ್ಲ ಸೇರಿಸಿ ಹೇಳಿಕೊಟ್ಟೆ. ನೀರು ಜಾಸ್ತಿ ಇಡು. ನಿಧಾನಕ್ಕೆ ಬೇಯಲಿ. ಬಸಿದ ತಿಳಿಯನ್ನು ಚೆಲ್ಲಬೇಡ, ಉಪ್ಪು ಹಾಕಿ ಕುಡಿ. ನಮ್ಮೂರಲ್ಲಿ ಹುಷಾರಿಲ್ಲದವರಿಗೆ ಕೊಡುವುದೇ ಇದರ ಗಂಜಿ. ಅವಳು ಅಲ್ಲಿಯವರೆಗೆ ನಗುತ್ತಿದ್ದವಳು 'ಹುಷಾರಿಲ್ಲದವರಿಗೆ' ಅಂದಾಗ ಗಮನವಿಟ್ಟು ಕೇಳಿದಳು. ಮನೆಯಲ್ಲಿ ಮಾವ ಮಲಗಿದ್ದಾರೆ, ಅನ್ನ ಇಳಿಯುತ್ತಿಲ್ಲ ಅಂದಳು. ಆ ಸಂಜೆ ನಾನೇ ಹೋಗಿ ಒಂದು ಸಲ ಗಂಜಿ ಮಾಡಿ ತೋರಿಸಿ ಬಂದೆ.

ನವೆಂಬರ್ ಕೊನೆಯ ಶುಕ್ರವಾರ ರಾತ್ರಿ ಬಡಾವಣೆಯ ಧ್ವನಿವರ್ಧಕ ಮಾತಾಡಿತು. ಇಲ್ಲಿ ಪ್ರತಿ ಬಡಾವಣೆಗೂ ಒಂದಿರುತ್ತದೆ. ಕಾ ಪೀ ಮೆಟ್ಟಿಲಿಳಿದು ಬಂದರು. ಆ ಮುದುಕರು ಹೋಗಿಬಿಟ್ಟಿದ್ದರು.

ಆಮೇಲೆ ನಡೆದದ್ದನ್ನು ನಾನು ಊರಿನಲ್ಲಿ ಯಾರಿಗೆ ಹೇಳಿದರೂ ಪೂರ್ತಿ ಅರ್ಥವಾಗುವ ಹಾಗೆ ಹೇಳಲು ಆಗುವುದಿಲ್ಲ. ಕ್ರಿಸ್ಮಸ್ ಹಾಡಿನ ಅಭ್ಯಾಸ ನಿಂತಿತು. ಅರ್ಧ ಗಂಟೆಯೊಳಗೆ ಆ ಮನೆಯ ಮುಂದೆ ಬೆಂಚುಗಳು ಬಂದವು. ಯುವಕರು ರಾತ್ರಿಯಿಡೀ ಅಲ್ಲೇ ಉಳಿದರು. ಬೆಳಗಾಗುತ್ತಲೇ ಗುದ್ದಲಿ ಹಿಡಿದು ಸಮಾಧಿ ತೋಡಲು ಹೋದರು. ಅದು ವೈ.ಎಂ.ಎ., ಅಂದರೆ ಯಂಗ್ ಮಿಜೋ ಅಸೋಸಿಯೇಷನ್ ಹುಡುಗರ ಕೆಲಸ. 1935ರಲ್ಲಿ ಶುರುವಾದ ಯುವಜನ ಸಂಘ ಅದು. ಯಾರೂ ಯಾರಿಗೂ ಕೂಲಿ ಕೊಡುವುದಿಲ್ಲ. ಮನೆಯವರು ಅಂದು ಒಲೆ ಹಚ್ಚಬೇಕಾಗಲಿಲ್ಲ, ಚಹಾ ಸಹ ನೆರೆಯವರದ್ದೇ. ತನ್ನ ಕಷ್ಟ ಲೆಕ್ಕಿಸದೆ ಇನ್ನೊಬ್ಬರಿಗೆ ಆಗುವ ಈ ಗುಣಕ್ಕೆ ಅವರ ಭಾಷೆಯಲ್ಲಿ 'ತ್ಲೊಮ್‌ಙಾಯ್ನಾ' ಅಂತ ಒಂದೇ ಮಾತಿದೆ.

ಮಣ್ಣು ಮಾಡಿದ ರಾತ್ರಿ ಆ ಮನೆಯಲ್ಲಿ ಹಾಡಿದ್ದು ಸೋಲ್‌ಫಾ ಹಾಡುಗಳಲ್ಲ. ಮಧ್ಯೆ ಖುವಾಂಗ್ ಅನ್ನುವ ಡೋಲು. ಸುತ್ತ ಒತ್ತೊತ್ತಾಗಿ ಕೂತ ಜನ. ನಿಧಾನದ, ಎಳೆದು ಎಳೆದು ಹಾಡುವ ಹಾಡು. ಮೊದಮೊದಲು ಮಿಷನರಿಗಳ ಕಾಲದಲ್ಲಿ ದೇವಾಲಯದೊಳಗೆ ಈ ಡೋಲಿಗೆ ಜಾಗ ಇರಲಿಲ್ಲವಂತೆ. ಆಮೇಲೆ ಉಜ್ಜೀವನದ, ಅಂದರೆ ಭಕ್ತಿ ಹೊಸದಾಗಿ ಉಕ್ಕಿದ ವರ್ಷಗಳಲ್ಲಿ ಜನರೇ ಅದನ್ನು ಒಳಗೆ ತಂದರು. ಒಳ್ಳೆಯದಾಯಿತು. ಆ ರಾತ್ರಿ ಡೋಲು ಇಲ್ಲದಿದ್ದರೆ ಅಷ್ಟು ದುಃಖವನ್ನು ಯಾವುದು ಹಿಡಿದಿಡುತ್ತಿತ್ತು? ನನಗೆ ಒಂದು ಪದವೂ ಬರುತ್ತಿರಲಿಲ್ಲ. ಕೂತೆ ಅಷ್ಟೇ. ಸೊಸೆ ಬಂದು ನನ್ನ ಪಕ್ಕ ಜಾಗ ಮಾಡಿಕೊಂಡು ಕೂತಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕಿವಿಯ ಹತ್ತಿರ ಬಂದು, "ಕೊನೆಯ ವಾರ ಅವರು ಕುಡಿದದ್ದು ಆ ಕೆಂಪು ಗಂಜಿ ಮಾತ್ರ" ಅಂದಳು.

ಅಮ್ಮನಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಅವರು ಕಟ್ಟಿಕೊಟ್ಟ ಅಕ್ಕಿ ಎಲ್ಲಿಗೆ ಹೋಯಿತು ಅಂತ ಹೇಳಿದೆ. ಅಮ್ಮ ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇನ್ನೊಂದು ಚೀಲ ಕಳಿಸ್ತೇನೆ ಮಗಾ, ಪಾರ್ಸೆಲ್‌ಗೆ ಎಷ್ಟಾದರೂ ಆಗಲಿ" ಅಂದರು.

ಮಾರನೇ ದಿನ ಭಾನುವಾರ. ಇಲ್ಲಿ ಭಾನುವಾರಕ್ಕೆ 'ಪಾಥಿಯಾನ್‌ನಿ' ಅನ್ನುತ್ತಾರೆ, ದೇವರ ದಿನ. ಅಂಗಡಿ ಮುಚ್ಚಿರುತ್ತದೆ, ರಸ್ತೆ ಖಾಲಿ. ಬೆಳಗ್ಗೆ ಸಂಡೆ ಸ್ಕೂಲ್, ಅದೂ ಮಕ್ಕಳಿಗೆ ಮಾತ್ರ ಅಲ್ಲ, ಅಜ್ಜ ಅಜ್ಜಿಯರಿಗೂ ತರಗತಿ ಇದೆ. ಮಧ್ಯಾಹ್ನ ಒಂದು ಆರಾಧನೆ, ಸಂಜೆ ಒಂದು. ಮಧ್ಯಾಹ್ನ ತರಕಾರಿ ಅಂಗಡಿಯ ಉಪಾ ನೋಟ್‌ಬುಕ್ ತೆರೆದರು. ಮೊದಲು ಮುದುಕರ ಹೆಸರು, ಅವರ ಮನೆಯವರ ಹೆಸರು. ಎಲ್ಲರೂ ಎದ್ದು ನಿಂತೆವು.

ಆಮೇಲೆ ಡಿಸೆಂಬರ್‌ನ ಕೆಲಸಗಳು. ಸೋಮವಾರ ರಾತ್ರಿ ಯುವಕರ ಕೂಟ ಎಂದಿನಂತೆ. ಮಂಗಳವಾರ ಸ್ತ್ರೀ ಸಂಘ. ಬುಧವಾರ ವಾರದ ಮಧ್ಯದ ಆರಾಧನೆ. ನಿಂತಿದ್ದ ಹಾಡಿನ ಅಭ್ಯಾಸ ಗುರುವಾರದಿಂದ ಮತ್ತೆ, ಆಲ್ಟೋದವರು ಕಡಿಮೆ ಇದ್ದಾರೆ, ಬರುವವರು ಬರಲಿ. ಕಾ ಪೀ ನನ್ನ ಮೊಣಕೈ ತಿವಿದರು. ಶನಿವಾರ ಬೆಳಗ್ಗೆ ದೇವಾಲಯದ ಸ್ವಚ್ಛತೆ, ಮನೆಗೊಬ್ಬರು. ಕ್ರಿಸ್ಮಸ್ ಮರುದಿನ, 26ರಂದು, ಸಭೆಯ ದೊಡ್ಡ ಊಟ. 'ರುವಾಯ್'. ಸಭೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ. ಮುಂಚೆಯೇ ಸೌದೆ ಒಡೆಯುವವರು, ಮಾಂಸ ಕತ್ತರಿಸುವವರು, ಬಡಿಸುವವರು ಅಂತ ಗುಂಪು ಮಾಡಿರುತ್ತಾರೆ. ಉಪಾ ಒಂದೊಂದೇ ಗುಂಪಿನ ಹೆಸರು ಓದುತ್ತಾ ಹೋದರು. ಮಿಜೋ ಹೆಸರುಗಳ ಮಧ್ಯೆ ಒಮ್ಮೆ ತಡೆದರು. ಕನ್ನಡಕ ಸರಿ ಮಾಡಿಕೊಂಡರು. ಎರಡು ಸಲ ತಪ್ಪಾಗಿ ಹೇಳಿ ಮೂರನೇ ಸಲ ಸರಿಯಾಗಿ ಓದಿದ್ದು ನನ್ನ ಹೆಸರು.

ನಾನು ಈರುಳ್ಳಿ ಹೆಚ್ಚುವ ಗುಂಪಿನಲ್ಲಿದ್ದೇನೆ. ಗಂಜಿ ಮಾಡಲು ಕಲಿತ ಸೊಸೆಯೂ ಅದರಲ್ಲೇ ಇದ್ದಾಳೆ. ಬೆಳಗ್ಗೆ 5 ಗಂಟೆಗೆ ಅಲ್ಲಿರಬೇಕು. ಚಾಕು ನಾವೇ ತರಬೇಕು.