ಆ್ಯಪ್ ಬ್ಯಾಡ, ರೊಕ್ಕ ಕೊಡಸ್ರಿ

ಮೊನ್ನೆ ಮಾವನ ಮಗ ಫೋನ್ ಹಚ್ಚಿದ್ದ. ಎಂಜಿನಿಯರಿಂಗ್ ಮೂರನೇ ವರ್ಷ, ಕಾಲೇಜಿನ್ಯಾಗ ಹಲ್ಟ್ ಪ್ರೈಜ್ ಕ್ಯಾಂಪಸ್ ರೌಂಡ್ ಐತಂತ, ಪಿಪಿಟಿ ಒಂದ್ಸಲ ನೋಡಿಕೊಡಣ್ಣಾ ಅಂದ. ಸಮಾಜದ ಸಮಸ್ಯೆಗೆ ಬಿಸಿನೆಸ್ ಐಡಿಯಾ ಕೊಟ್ಟು ಕೊನೀಗೆ ಗೆದ್ದ ಸ್ಟೂಡೆಂಟ್ಸಿಗೆ 10 ಲಕ್ಷ ಡಾಲರ್ ಕೊಡ್ತಾರಲ್ಲ ಅದೇ ಸ್ಪರ್ಧೆ, 2014ರಾಗ ನಮ್ಮ ದೇಶದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ (ಐಎಸ್‌ಬಿ) ಟೀಮೇ ಗೆದ್ದಿತ್ತು, ಸ್ಲಮ್ಮಿನ್ಯಾಗ ಮನಿಮನಿಗೆ ಹೋಗಿ ಬಿಪಿ ಶುಗರ್ ನೋಡೋ ನ್ಯಾನೋಹೆಲ್ತ್ ಅನ್ನೋ ಐಡಿಯಾಕ್ಕ.

ಇವನ ಐಡಿಯಾ ಎಪಿಎಂಸಿಯಾಗ ಮಾರಾಟ ಆಗದ ಉಳಿಯೋ ತರಕಾರಿದು. ಪಿಪಿಟಿ ಭಾಳ ಚಂದ ಇತ್ತು, ಸಮಸ್ಯೆಗೆ ಒಂದು ಸ್ಲೈಡು, ಮಾರ್ಕೆಟ್ ಸೈಜಿಗೆ ನಾಕು. ಯಾರನ್ನ ಕೇಳಿ ಮಾಡಿದ್ಯೋ ಅಂದ್ರ ಗೂಗಲ್ ಅಂದ. ಬೈಯಾಕ ಬಾಯಿ ಬರಲಿಲ್ಲ, ಯಾಕಂದ್ರ ನಾನೂ ಅದನ್ನ ಮಾಡಿದಂವ.

ಇಂಥದ್ದೇ ಒಂದು ಸ್ಪರ್ಧೆಗೆ ನಮ್ಮ ಟೀಮಿನ ಐಡಿಯಾ ಜ್ವಾಳದ ರೊಟ್ಟಿದು. ಹುಬ್ಬಳ್ಳ್ಯಾಗ ಓಣಿಗೊಂದು ರೊಟ್ಟಿ ಮಾಡಿ ಮಾರೋ ಮನಿ ಅದಾವಲ್ಲ, ಅವ್ರನ್ನೆಲ್ಲಾ ಒಂದು ಆ್ಯಪಿಗೆ ತರೋದು ಅಂತ. ಜಡ್ಜ್ ಒಬ್ರು ಇದು ಸ್ಕೇಲ್ ಆಕ್ಕೈತೇನು ಅಂದ್ರು, ಆಕ್ಕೈತಿ ಸರ್, ಐದು ವರ್ಷದಾಗ ಹತ್ತು ರಾಜ್ಯ ಅಂದ್ಬಿಟ್ವಿ. ಎರಡನೇ ಬಹುಮಾನ! ಆವತ್ತು ಕೊಟ್ಟ ಥರ್ಮಾಕೋಲ್ ಚೆಕ್ಕು ಇನ್ನೂ ಮನ್ಯಾಗ ಐತಿ, ಅವ್ವ ಅದರ ಮ್ಯಾಲ ಹಪ್ಪಳ ಒಣಗಿಸ್ತಾಳ.

ರೊಟ್ಟಿ ಮಾಡೋರ ಮನಿಗೆ ನಾವು ಮೊದಲ ಸಲ ಹೋಗಿದ್ದು ಗೆದ್ದ ಮ್ಯಾಲೆ. ಆ ಅಕ್ಕಾರು ಪಿಪಿಟಿ ಕಥಿ ಪೂರಾ ಕೇಳಿ, "ಇನ್ನೂ ಆರ್ಡರ್ ಯಾಕ್ ಬೇಕೋ ತಮ್ಮಾ, ಈಗಿದ್ದದ್ದು ಬಡದೇ ರಟ್ಟಿ ಬಿದ್ದು ಹೋಗ್ತಾವ. ಖಾನಾವಳಿಯವರು ಎರಡೆರಡು ತಿಂಗಳು ರೊಕ್ಕಾನ ಕೊಡಂಗಿಲ್ಲ, ನಾ ಜ್ವಾಳ ಉದ್ರಿ ತರ್ತೀನಿ. ಅದನ್ನಷ್ಟು ಕೊಡಸ್ರಿ" ಅಂದ್ರು. ನಮ್ಮ ಇಡೀ ಪಿಪಿಟಿಯಾಗ ಉದ್ರಿ ಅನ್ನೋ ಮಾತೇ ಇರಲಿಲ್ಲ.

ಸ್ಟ್ಯಾನ್‌ಫರ್ಡ್ ಸ್ಟೂಡೆಂಟ್ಸ್ 2007ರಾಗ ಕ್ಲಾಸ್ ಪ್ರಾಜೆಕ್ಟಿಗೆ ಅಂತ ಅಗ್ಗದ ಇನ್‌ಕ್ಯುಬೇಟರ್, ಅಂದ್ರ ದಿನಾ ತುಂಬದ ಕೂಸನ್ನ ಬೆಚ್ಚಗ ಇಡೋ ಪೆಟ್ಟಿಗಿ, ಮಾಡಾಕ ಹೊಂಟಿದ್ರು, ಮಾಮೂಲಿ ಮಷಿನ್ನಿಗೆ 20,000 ಡಾಲರ್ ಬೀಳ್ತಿತ್ತು. ನೇಪಾಳಕ್ಕ ಹೋಗಿ ನೋಡಿದ್ರ ಪ್ಯಾಟಿ ಆಸ್ಪತ್ರ್ಯಾಗ ಇನ್‌ಕ್ಯುಬೇಟರ್ ಖಾಲಿ ಬಿದ್ದಾವ, ದಿನಾ ತುಂಬದ ಕೂಸುಗೋಳು ದೂರದ ಹಳ್ಳ್ಯಾಗ ಹುಟ್ಟಾಕತ್ಯಾವ, ಅಲ್ಲಿ ಕರೆಂಟಿಂದೂ ಖಾತ್ರಿ ಇಲ್ಲ. ಪೆಟ್ಟಿಗಿ ಐಡಿಯಾ ಕೈಬಿಟ್ಟು, ಮೇಣದಂಥಾ ಪದಾರ್ಥ ತುಂಬಿದ ಪೌಚ್ ಕಾಯಿಸಿ ಒಳಗಿಡೋ ಸಣ್ಣ ಸ್ಲೀಪಿಂಗ್ ಬ್ಯಾಗ್ ಮಾಡಿದ್ರು, ಅದೇ ಎಂಬ್ರೇಸ್. ಆಮ್ಯಾಲೆ ಅಮೆರಿಕಾ ಬಿಟ್ಟು ಬೆಂಗಳೂರಿಗೇ ಬಂದು ಕೆಲಸಕ್ಕ ಕುಂತ್ರು. ಆ ನೇಪಾಳದ ಟ್ರಿಪ್ಪಿಗೆ ಯಾವ ಜಡ್ಜ್ ಮಾರ್ಕ್ಸ್ ಕೊಡ್ತಾರ ಹೇಳ್ರಿ? ನಮ್ಮ ಸ್ಕೋರ್ ಶೀಟಿನ್ಯಾಗಂತೂ ಪ್ರೆಸೆಂಟೇಶನ್ನಿಗೆ ಒಂದು ಕಾಲಮ್ ಇತ್ತು, ಎಷ್ಟು ಮಂದಿ ಜೋಡಿ ಮಾತಾಡೀರಿ ಅನ್ನೋದಕ್ಕ ಇರಲಿಲ್ಲ.

ಇದನ್ನೆಲ್ಲಾ ಹುಡುಗಗ ಹೇಳಿ, ನಾಳೆ ನಸುಕಿನ್ಯಾಗ ನಾಕಕ್ಕ ಎದ್ದು ಎಪಿಎಂಸಿಗೆ ಹೋಗು, ಲ್ಯಾಪ್‌ಟಾಪ್ ಮನ್ಯಾಗ ಇಡು, ಉಳದದ್ದು ಎಲ್ಲಿ ಹೊಕ್ಕೈತಿ ಹಮಾಲರನ್ನ ಕೇಳು ಅಂದೆ.

"ನಾಕಕ್ಕಾ? ಅಣ್ಣಾ, ನಾಡಿದ್ದೇ ಡೆಡ್‌ಲೈನ್ ಐತಿ, ನೀ ಸ್ಲೈಡಿನ ಕಲರ್ ಅಷ್ಟ ನೋಡಿ ಹೇಳ."