ಹಗಲು ಮಲಗೋರನ್ನ ಮಲಗೋಕೆ ಬಿಡಿ

ಶಿವರಾತ್ರಿ ರಜಕ್ಕೆ ಅಕ್ಕನ ಮಕ್ಕಳು ಬಂದಿದ್ರು ಅಂತ ಶಿವಮೊಗ್ಗ ಹತ್ರದ ತ್ಯಾವರೆಕೊಪ್ಪ ಹುಲಿ-ಸಿಂಹ ಸಫಾರಿಗೆ ಕರ್ಕೊಂಡು ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತು, ಬಿಸಿಲು ಚುರುಗುಟ್ತಾ ಇತ್ತು, ಜಾಲರಿ ಹಾಕಿದ ಬಸ್ಸು ಹೋಗಿ ನಿಂತ್ರೆ ಸಿಂಹ ಮರದ ನೆರಳಲ್ಲಿ ನಾಲ್ಕೂ ಕಾಲು ಚಾಚ್ಕೊಂಡು ಮಲಗಿದೆ. ತಗೋ, ಬಸ್ಸಲ್ಲಿ ಶುರುವಾಯ್ತು ಶಿಳ್ಳೆ, ಚಪ್ಪಾಳೆ, ಜಾಲರಿ ಬಡಿಯೋದು, "ಏ ಏಳೋ" ಅಂತ ಕೂಗೋದು, ಒಬ್ಬರಂತೂ ದುಡ್ಡು ಕೊಟ್ಟು ಬಂದಿದೀವಿ ಅಂತ ಡ್ರೈವರ್ ಹತ್ರ ಹಾರ್ನ್ ಹೊಡೀರಿ ಅಂದ್ರು. ಆತ ಹೊಡೀಲಿಲ್ಲ, ಅವನಿಗೆ ದೊಡ್ಡ ನಮಸ್ಕಾರ.

ಸಣ್ಣೋನು ಕೇಳ್ದ, "ಮಾವ, ಅದಕ್ಕೆ ಹುಷಾರಿಲ್ವಾ?" ಹುಷಾರಾಗೇ ಇದೆ ಕಣೋ, ಕಾಡಲ್ಲಿದ್ರೂ ಸಿಂಹ ದಿನಕ್ಕೆ 16ರಿಂದ 20 ಗಂಟೆ ಬಿದ್ಕೊಂಡೇ ಇರುತ್ತೆ ಅಂದೆ. ಅದು ತಿನ್ನೋದು ಮಾಂಸ, ಒಂದು ಸಲ ಹೊಟ್ಟೆ ತುಂಬಿದ್ರೆ ಎರಡು ಮೂರು ದಿನ ನಡೆಯುತ್ತೆ, ಬೇಟೆ ಅಂದ್ರೆ ಮೈಯಲ್ಲಿರೋ ಶಕ್ತಿನೆಲ್ಲ ಒಂದೇ ಸಲ ಸುರಿಯೋದು, ಅದಕ್ಕೆ ಮಿಕ್ಕ ಹೊತ್ತು ಉಳಿಸ್ಕೋಬೇಕು. ಬಿಸಿಲಲ್ಲಿ ಎದ್ದು ಓಡಾಡಿದ್ರೆ ಅದಕ್ಕೆ ಸಿಗೋದೇನು?

ಹುಲ್ಲು ಸೊಪ್ಪು ತಿನ್ನೋರ ಕಥೆ ಪೂರ್ತಿ ಬೇರೆ. ಮಾರನೇ ದಿನ ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿ ತುಂಗಾ ಹಿನ್ನೀರಲ್ಲಿ ಆನೆ ಸ್ನಾನ ನೋಡ್ಕೊಂಡು ಬಂದ್ವಿ, ಅಷ್ಟು ದೊಡ್ಡ ಮೈಗೆ ಎಷ್ಟು ನಿದ್ದೆ ಬೇಕು ಅಂತ ಮಕ್ಕಳು ಲೆಕ್ಕ ಹಾಕ್ತಾ ಕೂತಿದ್ರು. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಎರಡು ಕಾಡಾನೆಗಳ ಸೊಂಡಿಲಿಗೆ ಸಣ್ಣ ಯಂತ್ರ ಕೂರಿಸಿ ನೋಡಿದ್ರಂತೆ, 2017ರಲ್ಲಿ ಬಂದ ಅಧ್ಯಯನ, ದಿನಕ್ಕೆ ಸರಾಸರಿ ಎರಡೇ ಗಂಟೆ ನಿದ್ದೆ! ಮಿಕ್ಕಿದ್ದೆಲ್ಲ ಮೇಯೋದಕ್ಕೇ ಬೇಕು. ನಮ್ಮ ಕೊಟ್ಟಿಗೆ ದನಾನೂ ಅಷ್ಟೇ, ರಾತ್ರಿ ಯಾವಾಗ ಹೋಗಿ ನೋಡಿದ್ರೂ ಮೆಲುಕು ಹಾಕ್ತಾ ಇರುತ್ತೆ.

ಸೊಪ್ಪು ತಿಂದೂ ಇಡೀ ದಿನ ಮಲಗೋದು ಅಂದ್ರೆ ಆಸ್ಟ್ರೇಲಿಯಾದ ಕೋಆಲಾ. ಅದು ತಿನ್ನೋದು ನೀಲಗಿರಿ ಎಲೆ. ನಮ್ಮ ಕಡೆ ನೀಲಗಿರಿ ಪ್ಲಾಂಟೇಶನ್ ಇದ್ಯಲ್ಲ, ಅದರೊಳಗೆ ದನ ಬಿಟ್ರೂ ಎಲೆಗೆ ಬಾಯಿ ಹಾಕಲ್ಲ, ಅದರಲ್ಲಿ ನಾರು ಜಾಸ್ತಿ, ಸತ್ವ ಕಮ್ಮಿ, ಮೇಲಿಂದ ವಿಷ ಬೇರೆ. ಆ ವಿಷ ಕಳೆದು ಅರಗಿಸ್ಕೊಳ್ಳೋದಕ್ಕೇ ಕೋಆಲಾ 18-20 ಗಂಟೆ ಕೊಂಬೆ ಸಂದಿಯಲ್ಲಿ ಕೂತು ನಿದ್ದೆ ಮಾಡುತ್ತೆ. ಇಂಗ್ಲಿಷಲ್ಲಿ ಸೋಮಾರಿತನ ಅಂತ ಹೆಸರೇ ಇಟ್ಟುಬಿಟ್ಟಿರೋ ಸ್ಲಾತ್ ಇದ್ಯಲ್ಲ, ಕೊಂಬೆಗೆ ತಲೆಕೆಳಗಾಗಿ ನೇತಾಡೋ ಪ್ರಾಣಿ, ಅದು ಝೂನಲ್ಲಿ 16 ಗಂಟೆ ಮಲಗುತ್ತೆ, ಆದ್ರೆ 2008ರಲ್ಲಿ ಪನಾಮಾದ ಕಾಡಲ್ಲೇ ಅಳೆದಾಗ ಸಿಕ್ಕಿದ್ದು ಹೆಚ್ಚುಕಮ್ಮಿ ಒಂಬತ್ತೂವರೆ ಗಂಟೆ. ಪಂಜರದಲ್ಲಿ ನೋಡಿ ಸೋಮಾರಿ ಅಂದವರು ನಾವು.

ನಾನು ಇದನ್ನ ಬರೀಬೇಕು ಅಂದ್ಕೊಂಡಿದ್ದು ಮಾತ್ರ ಬೇರೆ ಪ್ರಾಣಿಗಾಗಿ. ಅದೇ ವಾರ ತೀರ್ಥಹಳ್ಳಿ ಹತ್ರ ಚಿಕ್ಕಪ್ಪನ ತೋಟದಲ್ಲಿ ಕಾಳುಮೆಣಸು ಕೊಯ್ತಾ ಇದ್ರು. ಹಲಸಿನ ಮರಕ್ಕೆ ಹಬ್ಬಿಸಿದ ಹಳೇ ಬಳ್ಳಿ, ಏಣಿ ಮೇಲಿದ್ದವರು ಒಂದೇ ಸಲ ಕೈ ಹಿಂದೆ ತಗೊಂಡು "ಅಯ್ಯ, ಕಾಡುಪಾಪ!" ಅಂದ್ರು. ಎಲ್ಲಾ ಓಡಿ ಹೋಗಿ ನೋಡಿದ್ರೆ ಬಳ್ಳಿ ದಟ್ಟ ಇರೋ ಕಡೆ ಬೂದು ಬಣ್ಣದ ಒಂದು ಉಂಡೆ, ತಲೆನ ಕಾಲ ಮಧ್ಯೆ ತುರುಕ್ಕೊಂಡು, ತೆಳ್ಳಗಿನ ಕೈಯಲ್ಲಿ ಬಳ್ಳಿ ಹಿಡ್ಕೊಂಡು ಮಲಗಿದೆ. ಇಂಗ್ಲಿಷಲ್ಲಿ ಸ್ಲೆಂಡರ್ ಲೋರಿಸ್ ಅಂತಾರಲ್ಲ, ಅದೇ, ರಾತ್ರಿ ಮಾತ್ರ ಓಡಾಡೋ ಪ್ರಾಣಿ. ಬಾಲ ಇಲ್ಲ, ತೂಕ ಕಾಲು ಕೆಜಿನೂ ಇರಲ್ಲ. ಗಂಟೆಗಟ್ಟಲೆ ಹಾಗೆ ಹಿಡಿದ್ರೂ ಕೈ ಜೋಮು ಹಿಡಿಯದ ಹಾಗೆ ಅದರ ಕೈಯಲ್ಲಿ ರಕ್ತನಾಳಗಳು ಬಲೆ ಥರ ಹೆಣೆದಿರ್ತಾವೆ.

ಕೆಳಗಿದ್ದ ಒಬ್ಬರು ಕೋಲು ತಗೊಂಡ್ರು. ಕಾಡುಪಾಪ ಕಂಡ್ರೆ ಅಪಶಕುನ ಅನ್ನೋದು, ಮಾಟ ಮಂತ್ರಕ್ಕೆ ಅಂತ ಹಿಡಿಯೋದು, ಇದೆಲ್ಲ ಎಷ್ಟು ಕಾಲದಿಂದ ಈ ಬಡ ಜೀವಾನ ಕೊಲ್ತಾ ಬಂದಿದೆ ಅಂತ ನೆನೆಸಿದ್ರೆ ಹೊಟ್ಟೆ ಉರಿಯುತ್ತೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಸಾಲಲ್ಲಿ, ಇದ್ರೂ ಅಷ್ಟೇ. ಚಿಕ್ಕಪ್ಪ ಜೋರು ಮಾಡ್ಲಿಲ್ಲ, "ಅದು ರಾತ್ರಿ ಪಾಳಿ ಮಾಡಿ ಮಲಗಿದೆ ಮಾರಾಯಾ, ರಾತ್ರಿಯೆಲ್ಲ ತೋಟದ ಹುಳ ತಿನ್ನುತ್ತೆ, ಬಿಡು. ಆ ಮರ ಇವತ್ತು ಬೇಡ, ಏಣಿ ಆಚೆ ಹಾಕಿ" ಅಂದ್ರು, ಕೋಲು ಕೆಳಗೆ ಬಂತು.

ಸಂಜೆ ಏಳಕ್ಕೆ ಮಕ್ಕಳನ್ನ ಕರ್ಕೊಂಡು ದೂರದಲ್ಲೇ ಸುಮ್ನೆ ನಿಂತೆ. ಬಾವಲಿಗಳು ಆಗಲೇ ಅಡಿಕೆ ಗೊನೆಗೆ ಬಂದಿದ್ವು, ಚೀಪಿ ಬಿಸಾಕಿದ ಅಡಿಕೆ ಟಪ್ ಟಪ್ ಅಂತ ದರಗಿನ ಮೇಲೆ ಬೀಳೋ ಸದ್ದು. ಬ್ಯಾಟರಿನ ನೆಲಕ್ಕೆ ಹಿಡಿದಿದ್ದೆ, ಒಂದೇ ಒಂದು ಸಲ ಓರೆ ಮಾಡಿ ಮೇಲೆತ್ತಿದಾಗ ಎರಡು ಕೆಂಡದಂಥ ಕಣ್ಣು. ನಿಧಾನಕ್ಕೆ ಒಂದು ಕೈ ಮುಂದೆ ಇಟ್ಟು, ಆಮೇಲೆ ಇನ್ನೊಂದು ಇಟ್ಟು, ಕೊಂಬೆ ಮೇಲೆ ಸಾಗಿ ಎಲೆ ಹಿಂದೆ ಹೋಯ್ತು. ಸಣ್ಣೋನು ನನ್ನ ಕಿವಿ ಹತ್ರ ಬಂದು ಪಿಸುಮಾತಲ್ಲಿ "ಡ್ಯೂಟಿಗೆ ಹೋಯ್ತು ಮಾವ" ಅಂದ. ಬ್ಯಾಟರಿ ಆರಿಸಿ ಮನೆ ಕಡೆ ಬಂದ್ವಿ. ಆ ಹಲಸಿನ ಮರದ ಮೆಣಸು ಕೊನೆಗೂ ಕೊಯ್ದಿದ್ದು ಹನ್ನೆರಡು ದಿನ ಬಿಟ್ಟು, ಅದೂ ಬಳ್ಳಿ ಒಳಗೆಲ್ಲ ಕಣ್ಣಾಡಿಸಿ, ಏನೂ ಇಲ್ಲ ಅಂತ ಗ್ಯಾರಂಟಿ ಆದ್ಮೇಲೆ.